ಹಿರಿಯರ ಕೈಗೆ ಕೆಲಸವಿರಲಿ, ನೆನಪಿಗೆ ಬಲವಿರಲಿ

ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣ, ಹಸಿರು ಮೇವು ಮುಂತಾದ ವಿಷಯಗಳನ್ನು ನೀವು ಈ ಪುಟಗಳಲ್ಲಿ ಓದುತ್ತಲೇ ಇರುತ್ತೀರಿ. ಹಸು ಒಂದು ಹೊತ್ತು ಮೇವು ಬಿಟ್ಟರೆ ನಮಗೆ ಕೂಡಲೇ ಗೊತ್ತಾಗುತ್ತದೆ. ಮೆಲುಕು ಹಾಕದಿದ್ದರೆ ಆತಂಕವಾಗುತ್ತದೆ. ಆದರೆ ಅದೇ ಮನೆಯ ಜಗಲಿಯಲ್ಲಿ ಅಜ್ಜ ಓಡಾಟ ಬಿಟ್ಟು ಕುಳಿತು ಆರು ತಿಂಗಳಾದರೂ ಅದೊಂದು ಕಾಯಿಲೆಗೆ ದಾರಿಯಾಗಬಹುದೆಂದು ನಮಗೆ ಹೊಳೆಯುವುದಿಲ್ಲ. 'ವಯಸ್ಸಾಯಿತಲ್ಲ, ಕುಳಿತಿರಲಿ' ಎಂದು ಬಿಟ್ಟುಬಿಡುತ್ತೇವೆ.

ಹೀಗೆ ಕುಳಿತುಬಿಡುವುದು ಮೊಣಕಾಲಿಗೆ ಮಾತ್ರವಲ್ಲ, ಮೆದುಳಿಗೂ ಒಳ್ಳೆಯದಲ್ಲ. ವಯಸ್ಸಾದವರು ಮೈಯಾಡಿಸುತ್ತಾ ಇದ್ದರೆ ಅವರ ನೆನಪು ಮತ್ತು ಬುದ್ಧಿಶಕ್ತಿ ಹೆಚ್ಚು ಕಾಲ ಚೆನ್ನಾಗಿ ಉಳಿಯುವ ಸಾಧ್ಯತೆ ಇದೆ ಎಂದು ವೈದ್ಯಶಾಸ್ತ್ರ ಈಗ ಸ್ಪಷ್ಟವಾಗಿ ಹೇಳುತ್ತಿದೆ. ಹೈನುಗಾರಿಕೆಯ ಮನೆಗೆ ಇದರಲ್ಲಿ ಒಂದು ಅನುಕೂಲವಿದೆ. ಪೇಟೆಯ ಮನೆಯ ಹಿರಿಯರು ವ್ಯಾಯಾಮಕ್ಕೆ ಜಾಗ ಹುಡುಕಬೇಕು. ನಮ್ಮ ಹಿರಿಯರಿಗೆ ಅದು ಹಟ್ಟಿಯಲ್ಲಿ, ಅಂಗಳದಲ್ಲಿ, ಸಂಘಕ್ಕೆ ಹೋಗುವ ದಾರಿಯಲ್ಲಿ ಇದ್ದೇ ಇದೆ. ನಾವು ಅದನ್ನು ಅವರ ಕೈಯಿಂದ ಕಿತ್ತುಕೊಳ್ಳದಿದ್ದರೆ ಸಾಕು.

'ನೀವು ಕುಳಿತಿರಿ' ಎನ್ನುವ ಪ್ರೀತಿ

ಬೆಳ್ತಂಗಡಿ ತಾಲೂಕಿನ ಚಾರ್ಮಾಡಿಯನ್ನೇ ತೆಗೆದುಕೊಳ್ಳೋಣ. ಘಾಟಿಯ ಬುಡದ ಊರು. ಬಯಲುಸೀಮೆಯ ಹಳ್ಳಿಗಳಂತೆ ಮನೆಗಳು ಒತ್ತೊತ್ತಾಗಿ ಇಲ್ಲ. ತೋಟದ ನಡುವೆ ಒಂದು, ಗುಡ್ಡದ ಬದಿಯಲ್ಲಿ ಇನ್ನೊಂದು. ಹಿಂದೆ ಇಲ್ಲಿ ಯಾವ ಕೆಲಸಕ್ಕೂ ನಡೆಯಲೇ ಬೇಕಿತ್ತು. ಹುಲ್ಲಿಗೆ ತೋಟಕ್ಕೆ ಇಳಿಯಬೇಕು, ಸೊಪ್ಪಿಗೆ ಗುಡ್ಡ ಹತ್ತಬೇಕು, ಹಾಲು ಕೊಡಲು ತೋಡು ದಾಟಿ ರಸ್ತೆಗೆ ಬರಬೇಕು. ವ್ಯಾಯಾಮ ಎಂಬ ಮಾತನ್ನೇ ಕೇಳದ ಅಜ್ಜಿ ದಿನಕ್ಕೆ ಎರಡು ಮೂರು ಮೈಲಿ ನಡೆದುಬಿಡುತ್ತಿದ್ದರು.

ಈಗ ಅಂಗಳದವರೆಗೆ ರಸ್ತೆ ಬಂದಿದೆ. ಹಾಲಿನ ಕ್ಯಾನು ಬೈಕಿನಲ್ಲಿ ಹೋಗುತ್ತದೆ. ಹುಲ್ಲು ಕೊಯ್ಯಲು, ಮೇವು ಕತ್ತರಿಸಲು, ಹಾಲು ಕರೆಯಲು ಯಂತ್ರಗಳಿವೆ. ಇವೆಲ್ಲ ಬೇಕಾದವೇ. ಯಂತ್ರಗಳಿಲ್ಲದಿದ್ದರೆ ಆಳುಗಳು ಸಿಗದ ಈ ಕಾಲದಲ್ಲಿ ಹಸು ಸಾಕುವುದೇ ಕಷ್ಟವಾಗುತ್ತಿತ್ತು. ಆದರೆ ಯಂತ್ರ ಬಂದ ದಿನ ಮನೆಯಲ್ಲಿ ಮೊದಲು ಕೆಲಸ ಕಳೆದುಕೊಳ್ಳುವವರು ಹಿರಿಯರು. ಮಗ 'ಅಪ್ಪ, ನೀವಿನ್ನು ಹಟ್ಟಿಗೆ ಬರಬೇಡಿ' ಎನ್ನುತ್ತಾನೆ. ಸೊಸೆ 'ಅತ್ತೆ, ನೀವು ಸುಮ್ಮನೆ ಕುಳಿತಿರಿ, ನಾನು ಮಾಡುತ್ತೇನೆ' ಎನ್ನುತ್ತಾಳೆ. ಇದರಲ್ಲಿ ಪ್ರೀತಿ ಇದೆ, ಮರ್ಯಾದೆ ಇದೆ. ಅದರೊಂದಿಗೆ ಹಿರಿಯರು ದಿನದಲ್ಲಿ ಎದ್ದು ನಡೆಯಲು ಇದ್ದ ಕಾರಣವೂ ಹೋಗಿಬಿಡುತ್ತದೆ. ಸಂಘದ ಬಳಿ ನಾಲ್ಕು ಜನರೊಡನೆ ಆಡುತ್ತಿದ್ದ ಮಾತು ಹೋಗುತ್ತದೆ. ಇಂದು ಎಷ್ಟು ಲೀಟರ್, ಎಷ್ಟು ಫ್ಯಾಟ್, ಈ ವಾರದ ಬಟವಾಡೆ ಎಷ್ಟು ಎಂದು ಮನಸ್ಸಿನಲ್ಲೇ ಹಾಕುತ್ತಿದ್ದ ಲೆಕ್ಕವೂ ನಿಲ್ಲುತ್ತದೆ. ಉಳಿಯುವುದು ಕುರ್ಚಿ ಮತ್ತು ಟಿ.ವಿ.

ಅರಳು ಮರಳು ಎಂದು ತಳ್ಳಿಬಿಡಬೇಡಿ

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ನಮ್ಮಲ್ಲಿದೆ. ವಯಸ್ಸಾದರೆ ಮರೆವು ಬಂದೇ ಬರುತ್ತದೆ, ಮಾಡುವುದಕ್ಕೆ ಏನೂ ಇಲ್ಲ ಎಂಬುದು ಅದರ ಹಿಂದಿನ ಭಾವನೆ. ಇದು ಅರ್ಧ ಮಾತ್ರ ನಿಜ.

ವಯಸ್ಸಾದಂತೆ ಮೆದುಳಿನ ವೇಗ ಸ್ವಲ್ಪ ಕಡಿಮೆಯಾಗುವುದು ಸಹಜ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ಪರಿಚಯದವರ ಹೆಸರು ತಟ್ಟನೆ ಬಾಯಿಗೆ ಬಾರದೆ ಸ್ವಲ್ಪ ಹೊತ್ತಿನ ಮೇಲೆ ನೆನಪಾಗುವುದು ಕಾಯಿಲೆಯಲ್ಲ. ಆದರೆ ಕೆಳಗಿನಂಥ ಬದಲಾವಣೆಗಳು ಕಂಡರೆ ಗಮನ ಕೊಡಬೇಕು:

* ಹಸುವಿಗೆ ಹಿಂಡಿ ಕೊಟ್ಟದ್ದನ್ನು ಮರೆತು ಮತ್ತೊಮ್ಮೆ ಕೊಡುವುದು. ಕರೆದ ಹಸುವನ್ನೇ ಮತ್ತೆ ಕರೆಯಲು ಹೋಗುವುದು.
* ವರ್ಷಗಟ್ಟಲೆ ಓಡಾಡಿದ ತೋಟದಲ್ಲೇ ದಾರಿ ತಪ್ಪುವುದು.
* ಬಟವಾಡೆಯ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದವರು ನೋಟು ಎಣಿಸಲು ತಡಕಾಡುವುದು.
* ಒಂದೇ ಪ್ರಶ್ನೆಯನ್ನು ಹತ್ತು ನಿಮಿಷಕ್ಕೊಮ್ಮೆ ಕೇಳುವುದು.
* ಒಲೆ ಹಚ್ಚಿ ಮರೆಯುವುದು, ಹಗಲು ರಾತ್ರಿ ತಿಳಿಯದಿರುವುದು, ಕಾರಣವಿಲ್ಲದೆ ಸಂಶಯ ಪಡುವುದು.

ಇಂಥ ತೊಂದರೆ ದಿನನಿತ್ಯದ ಕೆಲಸಕ್ಕೇ ಅಡ್ಡಿಯಾಗುವ ಮಟ್ಟಕ್ಕೆ ಬಂದರೆ ವೈದ್ಯರು ಅದನ್ನು ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಎನ್ನುತ್ತಾರೆ. ಅಲ್ಜೈಮರ್ ಕಾಯಿಲೆ ಅದರಲ್ಲೇ ಮುಖ್ಯವಾದ ಒಂದು ಬಗೆ. ಮೆದುಳಿನ ರಕ್ತನಾಳಗಳು ಕೆಟ್ಟು ಬರುವುದು ಇನ್ನೊಂದು ಬಗೆ.

ಇದು ಪೇಟೆಯವರ ಕಾಯಿಲೆ, ಹಳ್ಳಿಯಲ್ಲಿ ಇರುವುದಿಲ್ಲ ಎಂದು ಅನೇಕರು ತಿಳಿದಿದ್ದಾರೆ. ಲೆಕ್ಕ ಬೇರೆಯೇ ಹೇಳುತ್ತದೆ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಪ್ರಕಾರ ಭಾರತದಲ್ಲಿ 60 ವರ್ಷ ದಾಟಿದ ಪ್ರತಿ 100 ಜನರಲ್ಲಿ 7ಕ್ಕೂ ಹೆಚ್ಚು ಮಂದಿಗೆ ಡಿಮೆನ್ಷಿಯಾ ಇದೆ. ಒಟ್ಟು ಸುಮಾರು 88 ಲಕ್ಷ ಜನ. ಪೇಟೆಗಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದರ ಪ್ರಮಾಣ ಹೆಚ್ಚು. ನಮ್ಮ ರಾಜ್ಯದಲ್ಲೂ ಇದನ್ನು ಹಳ್ಳಿಯಲ್ಲೇ ಕುಳಿತು ಅಧ್ಯಯನ ಮಾಡುವ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ 45 ವರ್ಷ ಮೇಲ್ಪಟ್ಟ ಗ್ರಾಮಸ್ಥರನ್ನು ವರ್ಷ ವರ್ಷವೂ ಪರೀಕ್ಷಿಸುತ್ತಾ ಬಂದಿದೆ. 10,000 ಜನರನ್ನು ಒಳಗೊಳ್ಳುವುದು ಅದರ ಗುರಿ. ಅಲ್ಲಿ ಪರೀಕ್ಷೆಗೆ ಬರುವವರು ನಮ್ಮ ನಿಮ್ಮಂಥ ರೈತಾಪಿ ಜನರೇ.

ಕಾಲು ನಡೆದರೆ ತಲೆಗೇನು ಲಾಭ?

ಮೆದುಳಿನ ತೂಕ ದೇಹದ ತೂಕದ 100ರಲ್ಲಿ 2 ಪಾಲು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು 20 ಪಾಲು ಅದಕ್ಕೇ ಬೇಕು. ಆ ಆಮ್ಲಜನಕವನ್ನು ಒಯ್ಯುವುದು ರಕ್ತ. ತೋಟದ ಕಣಿಯಲ್ಲಿ ಹೂಳು ತುಂಬಿದರೆ ಕೊನೆಯ ಸಾಲಿನ ಅಡಿಕೆ ಮರಕ್ಕೆ ನೀರು ಮುಟ್ಟುವುದಿಲ್ಲ. ಮೆದುಳಿನ ಸಣ್ಣ ಸಣ್ಣ ರಕ್ತನಾಳಗಳ ಕಥೆಯೂ ಹಾಗೆಯೇ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಬ್ಬು ಈ ನಾಳಗಳನ್ನು ಕೆಡಿಸುತ್ತವೆ. ದಿನವೂ ನಡೆಯುವವರಲ್ಲಿ ಈ ಮೂರೂ ಹತೋಟಿಯಲ್ಲಿರುವುದು ಸುಲಭ. ಹೃದಯವೂ ಚೆನ್ನಾಗಿ ರಕ್ತ ದೂಡುತ್ತದೆ.

ಎರಡನೆಯ ಲಾಭ ನೇರವಾಗಿ ನೆನಪಿಗೆ ಸಂಬಂಧಿಸಿದ್ದು. ಕಿವಿಯ ಮೇಲ್ಭಾಗದ ಒಳಗೆ, ಎಡಕ್ಕೊಂದು ಬಲಕ್ಕೊಂದು, ಹಿಪ್ಪೊಕ್ಯಾಂಪಸ್ ಎಂಬ ಚಿಕ್ಕ ಭಾಗವಿದೆ. ಹೊಸ ನೆನಪುಗಳು ಅಚ್ಚಾಗುವುದು ಅಲ್ಲಿ. ವಯಸ್ಸಾದಂತೆ ಅದು ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ. 2011ರಲ್ಲಿ ಅಮೆರಿಕದ ವಿಜ್ಞಾನಿಗಳು ಇದರ ಬಗ್ಗೆ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 120 ವಯಸ್ಸಾದವರಲ್ಲಿ ಅರ್ಧದಷ್ಟು ಜನ ವಾರಕ್ಕೆ 3 ದಿನ, ದಿನಕ್ಕೆ 40 ನಿಮಿಷದವರೆಗೆ ನಡೆದರು. ಉಳಿದವರು ಕೈಕಾಲು ಎಳೆಯುವ ಲಘು ವ್ಯಾಯಾಮ ಮಾತ್ರ ಮಾಡಿದರು. ಒಂದು ವರ್ಷದ ನಂತರ ನಡೆದವರಲ್ಲಿ ಹಿಪ್ಪೊಕ್ಯಾಂಪಸ್ ಸುಮಾರು 2 ಶೇಕಡಾ ಬೆಳೆದಿತ್ತು. ಉಳಿದವರಲ್ಲಿ 1.4 ಶೇಕಡಾ ಕುಗ್ಗಿತ್ತು. ಮೈಯಾಡಿಸಿದಾಗ ನರಕೋಶಗಳ ಬೆಳವಣಿಗೆಗೆ ಬೇಕಾದ ಒಂದು ಸಸಾರಜನಕ ವಸ್ತು ಹೆಚ್ಚುತ್ತದೆ. ಅದು ಮೆದುಳಿನ ಪಾಲಿಗೆ ಗೊಬ್ಬರ ಇದ್ದ ಹಾಗೆ.

ಮೂರನೆಯದು, ಓಡಾಡುವವರಿಗೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ, ಮನಸ್ಸು ಮಂಕಾಗುವುದಿಲ್ಲ, ಜನರ ಒಡನಾಟ ಉಳಿಯುತ್ತದೆ. ಮನಸ್ಸಿನ ಖಿನ್ನತೆ ಮತ್ತು ಒಂಟಿತನ ಎರಡೂ ಮರೆವಿನ ಕಾಯಿಲೆಗೆ ದಾರಿ ಮಾಡುವ ಸಂಗತಿಗಳು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ನಡೆದರೆ ಮರೆವಿನ ಕಾಯಿಲೆ ಬರುವುದೇ ಇಲ್ಲ ಎಂದು ಯಾರೂ ಭರವಸೆ ಕೊಡಲಾರರು. ಜೀವಮಾನವಿಡೀ ದುಡಿದವರಿಗೂ ಅದು ಬರುವುದುಂಟು. ಬಂದ ಕಾಯಿಲೆಯನ್ನು ವ್ಯಾಯಾಮ ವಾಸಿ ಮಾಡುವುದೂ ಇಲ್ಲ. ಲಸಿಕೆ ಹಾಕಿಸಿದ ಹಟ್ಟಿಗೆ ರೋಗ ಬರುವ ಸಂಭವ ಕಡಿಮೆಯಾಗುವಂತೆ ಇಲ್ಲೂ ಸಂಭವ ಕಡಿಮೆಯಾಗುತ್ತದೆ ಎಂದು ತಿಳಿಯಬೇಕು. 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ ಇಂಥ 14 ಕಾರಣಗಳ ಪಟ್ಟಿ ಕೊಟ್ಟಿತು. ಮೈಯಾಡಿಸದಿರುವುದು, ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಅತಿಯಾದ ಮದ್ಯ, ಕಿವಿ ಮಂದವಾಗುವುದು, ಕಣ್ಣಿನ ದೋಷ, ಒಂಟಿತನ, ತಲೆಗೆ ಪೆಟ್ಟು ಇವೆಲ್ಲ ಅದರಲ್ಲಿವೆ. ಎಲ್ಲವನ್ನೂ ಸರಿಪಡಿಸಲು ಸಾಧ್ಯವಾದರೆ ಸುಮಾರು 45 ಶೇಕಡಾ ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದಕ್ಕೆ ಹಾಕಬಹುದು ಎಂಬುದು ಅದರ ಅಂದಾಜು. ನಾಲ್ಕೈದು ವರ್ಷ ಮುಂದಕ್ಕೆ ಹೋದರೂ ಒಂದು ಮನೆಗೆ ಅದು ಎಷ್ಟು ದೊಡ್ಡದೆಂದು ಇಂಥ ರೋಗಿಯನ್ನು ನೋಡಿಕೊಂಡವರಿಗೆ ಗೊತ್ತು.

ಎಷ್ಟು ಓಡಾಟ ಬೇಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಯಂತೆ 65 ವರ್ಷ ದಾಟಿದವರಿಗೆ ಬೇಕಾದದ್ದು ಇಷ್ಟು:

1. ವಾರಕ್ಕೆ 150ರಿಂದ 300 ನಿಮಿಷ, ಉಸಿರು ಸ್ವಲ್ಪ ಹೆಚ್ಚಾಗುವಷ್ಟು ಚಟುವಟಿಕೆ.
2. ವಾರಕ್ಕೆ ಕನಿಷ್ಠ 2 ದಿನ ಕೈ, ಕಾಲು, ಬೆನ್ನಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ.
3. ವಾರಕ್ಕೆ ಕನಿಷ್ಠ 3 ದಿನ ದೇಹದ ಸಮತೋಲ ಕಾಯುವ ಅಭ್ಯಾಸ. ಬೀಳದಂತೆ ಕಾಪಾಡುವುದು ಇದೇ.

ಉಸಿರಿನ ಲೆಕ್ಕ ಸುಲಭ. ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು.

ಈಗ ನಮ್ಮ ದಾರಿಯನ್ನು ಅಳೆಯಿರಿ. ಮನೆಯಿಂದ ಸಂಘಕ್ಕೆ 15 ನಿಮಿಷದ ದಾರಿ ಎಂದಿಟ್ಟುಕೊಳ್ಳಿ. ಹೋಗಿ ಬರಲು 30 ನಿಮಿಷ. ವಾರಕ್ಕೆ 5 ದಿನ ಹೋದರೆ 150 ನಿಮಿಷ, 7 ದಿನ ಹೋದರೆ 210 ನಿಮಿಷ. ಬೆಳಗ್ಗಿನ ಹಾಲಿಗೆ ಒಮ್ಮೆ ನಡೆದು ಹೋದರೆ ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಸೂಚನೆ ಅಲ್ಲಿಗೇ ಪೂರ್ತಿಯಾಯಿತು.

ಇಷ್ಟು ಆಗದವರು ನಿರಾಶರಾಗಬೇಕಿಲ್ಲ. ಬ್ರಿಟನ್ನಿನ 78,000ಕ್ಕೂ ಹೆಚ್ಚು ಜನರ ಹೆಜ್ಜೆ ಎಣಿಸಿದ ಒಂದು ಅಧ್ಯಯನ 2022ರಲ್ಲಿ ಪ್ರಕಟವಾಯಿತು. ದಿನಕ್ಕೆ ಸುಮಾರು 3,800 ಹೆಜ್ಜೆ ನಡೆಯುವವರಲ್ಲೂ ಡಿಮೆನ್ಷಿಯಾದ ಸಂಭವ 25 ಶೇಕಡಾ ಕಡಿಮೆ ಇದ್ದದ್ದು ಅದರಲ್ಲಿ ಕಂಡುಬಂತು. ಹಟ್ಟಿ, ಅಂಗಳ, ಬಾವಿಕಟ್ಟೆ, ಹತ್ತಿರದ ತೋಟ ಎಂದು ದಿನವಿಡೀ ತುಸು ತುಸು ಓಡಾಡಿದರೆ ಇದನ್ನು ಮುಟ್ಟುವುದು ಕಷ್ಟವಲ್ಲ.

ಯಾರಿಗೆ ಯಾವ ಕೆಲಸ?

ಎಲ್ಲ ಹಿರಿಯರ ಶಕ್ತಿ ಒಂದೇ ಅಲ್ಲ. ಆಳ ನೋಡಿ ಕಾಲಿಡಿ ಎಂಬಂತೆ ಅವರವರ ಮೈ ನೋಡಿ ಕೆಲಸ ಗೊತ್ತು ಮಾಡಿ.

ಗಟ್ಟಿಮುಟ್ಟಾಗಿರುವವರಿಗೆ: ಬೆಳಗ್ಗೆ ಸಂಘಕ್ಕೆ ನಡೆದು ಹೋಗಿ ಹಾಲು ಕೊಡುವುದು. ಕ್ಯಾನಿನ ಭಾರ ಹೆಚ್ಚಿದ್ದರೆ ಹಾಲು ಬೈಕಿನಲ್ಲಿ ಹೋಗಲಿ, ಪಾಸ್‌ಬುಕ್ಕು ಅಜ್ಜನ ಕೈಯಲ್ಲಿ ನಡೆದು ಹೋಗಲಿ. ನೇಪಿಯರ್ ಹುಲ್ಲನ್ನು ಸಣ್ಣ ಸಣ್ಣ ಕಟ್ಟ ಮಾಡಿ ತರುವುದು. ಹಸುವಿನ ಮೈ ಉಜ್ಜಿ ತೊಳೆಯುವುದು, ಹಟ್ಟಿ ಗುಡಿಸುವುದು. ಇವುಗಳಲ್ಲಿ ನಡಿಗೆಯೂ ಇದೆ, ಸ್ನಾಯುಗಳಿಗೆ ಬಲವೂ ಇದೆ.

ಮೊಣಕಾಲು ನೋವು ಇರುವವರಿಗೆ: ಕರುವಿಗೆ ಹಾಲು ಕುಡಿಸುವುದು, ಅಕ್ಕಚ್ಚು ಕೊಡುವುದು, ಎದೆಯ ಮಟ್ಟದ ಗೋದಲಿಗೆ ಬೈಹುಲ್ಲು ಹಾಕುವುದು, ಕರುಗಳ ಮೈದಡವಿ ಉಣ್ಣಿ ನೋಡುವುದು. ಕುಕ್ಕರಗಾಲಿನಲ್ಲಿ ಕುಳಿತು ಮಾಡುವ ಕೆಲಸ ಬೇಡ. ಹಾಲು ಕರೆಯುವ ಆಸೆ ಇದ್ದರೆ ಗಟ್ಟಿಯಾದ ಮಣೆಯಾಗಲಿ ಸಣ್ಣ ಸ್ಟೂಲಾಗಲಿ ಕೊಟ್ಟು, ಸಾಧು ಹಸುವನ್ನೇ ಬಿಡಿ.

ಹೆಚ್ಚು ನಡೆಯಲಾಗದವರಿಗೆ: ಕುರ್ಚಿಯಿಂದ ಕೈಯೂರದೆ ಎದ್ದು ಕುಳಿತುಕೊಳ್ಳುವುದು 10 ಬಾರಿ, ಜಗಲಿಯ ಕಂಬ ಹಿಡಿದು ತುದಿಗಾಲಲ್ಲಿ ನಿಂತು ಇಳಿಯುವುದು 10 ಬಾರಿ, ಕಂಬ ಹಿಡಿದೇ ಒಂಟಿಕಾಲಲ್ಲಿ ಹತ್ತು ಎಣಿಸುವವರೆಗೆ ನಿಲ್ಲುವುದು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಡಿದರೆ ತೊಡೆಗೆ ಬಲ ಬರುತ್ತದೆ, ಸಮತೋಲ ಉಳಿಯುತ್ತದೆ. ಪಕ್ಕದಲ್ಲಿ ಒಬ್ಬರು ನಿಂತಿರಲಿ.

ತಲೆಗೂ ಕೆಲಸ ಕೊಡಿ. ಯಾವ ಹಸುವಿಗೆ ಯಾವ ದಿನ ಕೃತಕ ಗರ್ಭಧಾರಣೆ ಆಯಿತು, ಯಾವಾಗ ಬತ್ತಿಸಬೇಕು, ಯಾವ ದಿನ ಜಂತುಹುಳದ ಮದ್ದು ಎಂಬ ಪುಸ್ತಕವನ್ನು ಹಿರಿಯರು ಇಡಲಿ. ಬರೆಯಲು ಬಾರದವರು ಮೊಮ್ಮಕ್ಕಳಿಗೆ ಹೇಳಿ ಬರೆಸಲಿ. ಫಿನ್ಲೆಂಡ್ ದೇಶದಲ್ಲಿ 1,260 ಹಿರಿಯರ ಮೇಲೆ ಎರಡು ವರ್ಷ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವ್ಯಾಯಾಮ, ಒಳ್ಳೆಯ ಆಹಾರ, ಬುದ್ಧಿಗೆ ಕೆಲಸ, ರಕ್ತದೊತ್ತಡದಂಥವುಗಳ ತಪಾಸಣೆ ಈ ನಾಲ್ಕನ್ನೂ ಒಟ್ಟಿಗೆ ಕೊಟ್ಟಿದ್ದರು. ಹಾಗೆ ಮಾಡಿದವರ ಬುದ್ಧಿಶಕ್ತಿ ಉಳಿದವರಿಗಿಂತ ಚೆನ್ನಾಗಿ ಉಳಿಯಿತು.

ದುಡಿಸಿಕೊಳ್ಳುವುದು ಬೇರೆ, ಜೊತೆಗೆ ಸೇರಿಸಿಕೊಳ್ಳುವುದು ಬೇರೆ

ಇದನ್ನು ಓದಿ ಯಾರೂ 'ಹಾಗಾದರೆ ಹಟ್ಟಿಯ ಕೆಲಸವನ್ನೆಲ್ಲ ಅಪ್ಪನಿಗೇ ಬಿಡೋಣ' ಎಂದುಕೊಳ್ಳಬಾರದು. ಭಾರ ಹೊರುವ, ಬಿಡುವಿಲ್ಲದ, ಬೇಡವೆಂದರೂ ಮಾಡಲೇಬೇಕಾದ ದುಡಿಮೆಯಿಂದ ಇದೇ ಲಾಭ ಸಿಗುವುದೆಂದು ಹೇಳಲು ಬರುವುದಿಲ್ಲ. ನಾರ್ವೆ ದೇಶದಲ್ಲಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಾನುಗಟ್ಟಲೆ ಮೈಮುರಿಯುವ ಉದ್ಯೋಗ ಮಾಡಿದವರಲ್ಲಿ ಮುಪ್ಪಿನ ಮರೆವು ಹೆಚ್ಚೇ ಕಂಡುಬಂದಿತ್ತು. ಆದ್ದರಿಂದ ಕೆಲಸ ಹಗುರವಾಗಿರಬೇಕು, ಅವರ ಇಷ್ಟದ್ದಾಗಿರಬೇಕು, ಸಾಕೆನಿಸಿದಾಗ ನಿಲ್ಲಿಸುವ ಸ್ವಾತಂತ್ರ್ಯ ಇರಬೇಕು. ಗೋಣಿ ಹಿಂಡಿ ಎತ್ತುವುದು, ಸೆಗಣಿಯ ತುಂಬಿದ ಹೆಡಿಗೆ ಹೊರುವುದು, ಅಟ್ಟ ಹತ್ತಿ ಬೈಹುಲ್ಲು ಇಳಿಸುವುದು, ಹಾಯುವ ಒದೆಯುವ ಹಸುವಿನ ಬಳಿ ಹೋಗುವುದು, ಮೇವು ಕತ್ತರಿಸುವ ಯಂತ್ರಕ್ಕೆ ಹುಲ್ಲು ಕೊಡುವುದು ಹಿರಿಯರ ಪಾಲಿಗೆ ಬೇಡ.

ಎದೆ ನೋವು, ನಡೆದಾಗ ಏದುಸಿರು, ತಲೆ ತಿರುಗುವುದು, ಕಾಲು ಬಾತುಕೊಳ್ಳುವುದು ಇದ್ದವರು, ಹೃದಯದ ತೊಂದರೆ ಅಥವಾ ಪಾರ್ಶ್ವವಾಯು ಆದವರು ಮೊದಲು ವೈದ್ಯರಿಗೆ ತೋರಿಸಿ, ಅವರು ಹೇಳಿದಷ್ಟೇ ಮಾಡಬೇಕು. ತಿಂಗಳುಗಟ್ಟಲೆ ಕುಳಿತಿದ್ದವರು ದಿನಕ್ಕೆ 5 ನಿಮಿಷದಿಂದ ಆರಂಭಿಸಿ, ವಾರಕ್ಕೆ ಐದೈದು ನಿಮಿಷ ಹೆಚ್ಚಿಸಿದರೆ ಸಾಕು.

ಮಳೆಗಾಲದ ನಾಲ್ಕು ತಿಂಗಳು

ಘಾಟಿಯ ಬುಡದ ಊರುಗಳಲ್ಲಿ ನಿಜವಾದ ಕಷ್ಟ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಟಿಯ ಮಳೆ ಹಿಡಿದರೆ ಹೊರಗೆ ಕಾಲಿಡುವ ಹಾಗಿಲ್ಲ. ಅಂಗಳದಲ್ಲಿ ಪಾಚಿ, ದಾರಿಯಲ್ಲಿ ಕೆಸರು, ತೋಡಿನಲ್ಲಿ ನೀರು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು, ಹೊಳೆ ಉಕ್ಕಿ ಚಾರ್ಮಾಡಿಯ ಸುತ್ತಮುತ್ತ ಆದ ಹಾನಿಯನ್ನು ಯಾರೂ ಮರೆತಿಲ್ಲ. ಅಂಥ ದಿನಗಳಲ್ಲಿ ಹಿರಿಯರನ್ನು ಹೊರಗೆ ಕಳಿಸುವ ಮಾತೇ ಇಲ್ಲ.

ಆದರೆ ನಾಲ್ಕು ತಿಂಗಳು ಕುಳಿತುಬಿಟ್ಟರೆ ಬೇಸಿಗೆಯಲ್ಲಿ ಗಳಿಸಿದ ಬಲವೆಲ್ಲ ಕರಗುತ್ತದೆ. ವಯಸ್ಸಾದವರ ಸ್ನಾಯು ಬೇಗ ಸೊರಗುತ್ತದೆ, ಮತ್ತೆ ತುಂಬಿಕೊಳ್ಳುವುದು ನಿಧಾನ. ಆದ್ದರಿಂದ ಮಳೆಗಾಲಕ್ಕೆ ಬೇರೆ ಏರ್ಪಾಡು ಬೇಕು. ಉದ್ದದ ಜಗಲಿ ಇದ್ದರೆ ಅದರಲ್ಲೇ ಬೆಳಗ್ಗೆ 10 ನಿಮಿಷ, ಮಧ್ಯಾಹ್ನ 10 ನಿಮಿಷ, ಸಂಜೆ 10 ನಿಮಿಷ ಆಚೀಚೆ ನಡೆಯಲಿ. ಮನೆಗೂ ಹಟ್ಟಿಗೂ ನಡುವೆ ತಗಡಿನ ಮಾಡು ಇಳಿಸಿದರೆ ಮಳೆಯಲ್ಲೂ ಹಟ್ಟಿಗೆ ಹೋಗಿ ಬರಬಹುದು. ಅಡಿಕೆ ಸುಲಿಯಲು ಕುಳಿತವರು ಅರ್ಧ ಗಂಟೆಗೊಮ್ಮೆ ಎದ್ದು ಒಂದು ಸುತ್ತು ಬರಲಿ. ಮೇಲೆ ಹೇಳಿದ ಕುರ್ಚಿ ಮತ್ತು ಕಂಬದ ವ್ಯಾಯಾಮಕ್ಕೆ ಮಳೆಯ ತಡೆಯಿಲ್ಲ.

ಬೀಳದಂತೆ ಎಚ್ಚರ

ವಯಸ್ಸಾದವರು ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆ. ತಲೆಗೆ ಪೆಟ್ಟಾದರೆ ಮೆದುಳಿಗೇ ಅಪಾಯ. 'ಬಿದ್ದಾರು' ಎಂಬ ಹೆದರಿಕೆಯಿಂದಲೇ ನಾವು ಅವರನ್ನು ಕೂರಿಸುವುದು. ಆದರೆ ಕುಳಿತಷ್ಟೂ ಕಾಲಿನ ಬಲ ಕುಂದಿ, ಬಚ್ಚಲಿಗೆ ಹೋಗುವ ನಾಲ್ಕು ಹೆಜ್ಜೆಯಲ್ಲೇ ಬೀಳುವ ಸಂಭವ ಹೆಚ್ಚುತ್ತದೆ. ಅವರನ್ನು ಕಟ್ಟಿಹಾಕುವ ಬದಲು ದಾರಿಯನ್ನು ಸರಿಪಡಿಸಿ.

* ಮಳೆಗೆ ಮುಂಚೆ ಅಂಗಳದ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ. ನಡೆಯುವ ದಾರಿಗೆ ಸೋಗೆ ಹಾಸಿ.
* ಹಟ್ಟಿಯ ನೆಲಕ್ಕೆ ನುಣುಪು ಸಿಮೆಂಟ್ ಬೇಡ, ಗೀರು ಹಾಕಿಸಿ. ಹಸುವಿಗೆ ಹಾಸುವ ರಬ್ಬರ್ ಮ್ಯಾಟಿನ ಒಂದು ತುಂಡು ಬಾಗಿಲಿಗೂ ಇರಲಿ.
* ಹಟ್ಟಿ, ಬಚ್ಚಲು, ಮೆಟ್ಟಿಲುಗಳ ಬಳಿ ಹಿಡಿಯಲು ಪೈಪು ಕಟ್ಟಿಸಿ. ಬೆಳಕು ಇರಲಿ.
* ಸವೆದ ಹವಾಯಿ ಚಪ್ಪಲಿ ಬೇಡ. ಹಿಮ್ಮಡಿಗೆ ಪಟ್ಟಿ ಇರುವ, ಜಾರದ ಚಪ್ಪಲಿ ಕೊಡಿಸಿ. ಕೈಯಲ್ಲಿ ಕೋಲು ಇರುವುದು ನಾಚಿಕೆಯ ವಿಷಯವಲ್ಲ.
* ತೋಡಿಗೆ ಅಡಿಕೆ ಮರದ ಸಂಕ ಇದ್ದರೆ ಎರಡೂ ಬದಿಗೆ ಕೈತಾಂಗು ಕಟ್ಟಿ.
* ಕಾಡಿನ ಅಂಚಿನ ದಾರಿಯಲ್ಲಿ ನಸುಕಿನಲ್ಲಿ ಒಬ್ಬರೇ ಹೋಗುವುದು ಬೇಡ. ಆನೆ ಬಂದ ಸುದ್ದಿ ಇದ್ದ ದಿನ ಮನೆಯ ಬಳಿಯೇ ನಡೆಯಲಿ.

ಹಸು ಮಾರುವ ಮುನ್ನ

ಈಗ ನಮ್ಮ ಅನೇಕ ಮನೆಗಳಲ್ಲಿ ಇರುವುದು ಇಬ್ಬರು ವಯಸ್ಸಾದವರು ಮತ್ತು ಎರಡು ಮೂರು ಹಸುಗಳು. ಮಕ್ಕಳು ಬೆಂಗಳೂರಿನಲ್ಲಿಯೋ ಗಲ್ಫ್‌ನಲ್ಲಿಯೋ ಇರುತ್ತಾರೆ. ರಜೆಗೆ ಬಂದ ಮಕ್ಕಳಿಗೆ ಅಪ್ಪ ಅಮ್ಮ ಹುಲ್ಲು ಹೊರುವುದನ್ನು ಕಂಡು ಮನಸ್ಸು ತಡೆಯುವುದಿಲ್ಲ. 'ನಿಮಗೆ ಖರ್ಚಿಗೆ ನಾನು ಕಳಿಸುತ್ತೇನೆ, ಹಸು ಮಾರಿಬಿಡಿ' ಎನ್ನುತ್ತಾರೆ. ಒಂದೇ ದಿನದಲ್ಲಿ ಹಟ್ಟಿ ಖಾಲಿಯಾಗುತ್ತದೆ. ಮರುದಿನ ಬೆಳಗ್ಗೆ ಐದಕ್ಕೆ ಎಚ್ಚರವಾದ ಅಮ್ಮನಿಗೆ ಏಳಲು ಕಾರಣವಿರುವುದಿಲ್ಲ.

ಸಂಘಕ್ಕೆ ಹಾಲು ಬರಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿಲ್ಲ. ಹಸು ಸಾಕಲು ನಿಜವಾಗಿಯೂ ಆಗದವರು ಮಾರಲೇಬೇಕು. ಆದರೆ ಮಾರುವುದಕ್ಕೂ ಮೂರು ಹಸು ಸಾಕುವುದಕ್ಕೂ ನಡುವೆ ಬೇರೆ ದಾರಿಗಳಿವೆ. ಮೂರನ್ನು ಒಂದಕ್ಕೆ ಇಳಿಸಬಹುದು. ಹಾಲು ಕಡಿಮೆಯಾದರೂ ಸಾಧುವಾದ ಹಸುವನ್ನು ಉಳಿಸಿಕೊಳ್ಳಬಹುದು. ಹುಲ್ಲು ತರಲು, ಸೆಗಣಿ ಬಾಚಲು ನೆರೆಯವರಿಗೆ ಸಂಬಳ ಕೊಟ್ಟು, ಮೇವು ಹಾಕುವ, ಕರು ನೋಡುವ ಕೆಲಸ ಮಾತ್ರ ಹಿರಿಯರಿಗೆ ಇಡಬಹುದು. ಎಲ್ಲವನ್ನೂ ಮಾರಿದರೂ ದಿನವೂ ನಡೆದು ಹೋಗಿ ಬರಲು ಒಂದು ಕೆಲಸ ಗೊತ್ತು ಮಾಡಬಹುದು: ತರಕಾರಿ ಸಾಲು, ಕೋಳಿಗೂಡು, ದೇವಸ್ಥಾನ, ಮಸೀದಿ, ಇಗರ್ಜಿ, ಏನಾದರೂ ಸರಿ. ಮುಖ್ಯವಾಗಿ, ಮಾರುವ ಮಾತನ್ನು ಹಿರಿಯರನ್ನೇ ಕೇಳಿ ತೀರ್ಮಾನಿಸಿ.

ನೆನಪು ಈಗಾಗಲೇ ಕುಂದಿದ್ದರೆ

ಮೊದಲು ವೈದ್ಯರಿಗೆ ತೋರಿಸಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಮನಸ್ಸಿನ ಖಿನ್ನತೆ, ಕೆಲವು ಮಾತ್ರೆಗಳು ಕೂಡ ಮರೆವು ತರುತ್ತವೆ. ಇವನ್ನು ಸರಿಪಡಿಸಬಹುದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಬೆಳ್ತಂಗಡಿ ತಾಲೂಕು ಆಸ್ಪತ್ರೆಗೆ, ಬೇಕಾದರೆ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗೆ ಬರೆಸಿಕೊಂಡು ಹೋಗಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಎರಡಕ್ಕೂ ಹಣ ಕೊಡಬೇಕಿಲ್ಲ.

ಕಾಯಿಲೆ ಖಚಿತವಾದರೂ ಓಡಾಟ ನಿಲ್ಲಿಸಬೇಡಿ. ಒಬ್ಬರು ಜೊತೆಗಿದ್ದು, ದಿನವೂ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ನಡೆಸಿ. ಕಲಿತ ಕೈ ಬೇಗ ಮರೆಯುವುದಿಲ್ಲ. ಮಗನ ಹೆಸರು ತಪ್ಪುವ ಅಜ್ಜಿಯೂ ಕರುವಿನ ಗಂಗೆದೊಗಲು ತುರಿಸುವುದನ್ನು ಮರೆತಿರಲಾರರು. ಅದನ್ನು ಮಾಡಲು ಬಿಡಿ. ತಪ್ಪಿದರೆ ಗದರಬೇಡಿ, 'ನಾನು ಯಾರು ಹೇಳಿ ನೋಡೋಣ' ಎಂದು ಪರೀಕ್ಷೆ ಮಾಡಬೇಡಿ. ಬಾವಿಗೆ ಕಟ್ಟೆ ಮತ್ತು ಬಲೆ ಇರಲಿ. ಮೈಲುತುತ್ತು, ಕೀಟನಾಶಕ, ಕತ್ತಿ ಕೈಗೆ ಸಿಗದಂತೆ ಇಡಿ. ಮನೆಯ ಫೋನ್ ನಂಬರ್ ಬರೆದ ಚೀಟಿ ಅಂಗಿಯ ಕಿಸೆಯಲ್ಲಿರಲಿ.

ಸದಸ್ಯರಿಗೆ ಬರಬಹುದಾದ ಸಂದೇಹಗಳು

ನಮ್ಮ ಅಮ್ಮ ದಿನವಿಡೀ ಅಡುಗೆಮನೆಯಲ್ಲಿ ನಿಂತೇ ಇರುತ್ತಾರೆ. ಇದು ಸಾಲದೇ?
ನಿಂತಿರುವುದು ಕುಳಿತಿರುವುದಕ್ಕಿಂತ ಮೇಲು. ಆದರೆ ಒಲೆಯ ಮುಂದೆ ನಿಂತರೆ ಉಸಿರು ಹೆಚ್ಚುವುದಿಲ್ಲ. ಅವರ ಅಡುಗೆ ಕೆಲಸದಲ್ಲಿ ಅರ್ಧ ಗಂಟೆ ನೀವು ವಹಿಸಿಕೊಳ್ಳಿ, ಆ ಹೊತ್ತಿನಲ್ಲಿ ಅವರು ಸಂಘಕ್ಕೋ ನೆರೆಮನೆಗೋ ನಡೆದು ಬರಲಿ.

70 ದಾಟಿದ ಮೇಲೆ ಆರಂಭಿಸಿದರೆ ಪ್ರಯೋಜನ ಇದೆಯೇ?
ಇದೆ. ಮೇಲೆ ಹೇಳಿದ ಫಿನ್ಲೆಂಡ್ ಪ್ರಯೋಗದಲ್ಲಿದ್ದವರು 60ರಿಂದ 77 ವರ್ಷದವರು. ಶಿವರಾತ್ರಿಯ ಹೊತ್ತಿಗೆ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದು ಹೋಗುವ ಪಾದಯಾತ್ರಿಗಳನ್ನು ಚಾರ್ಮಾಡಿಯವರು ವರ್ಷವೂ ನೋಡುತ್ತೀರಿ. ಅವರಲ್ಲಿ ನರೆತ ತಲೆಗಳೂ ಇವೆ. ಅಷ್ಟು ದೂರ ಬೇಡ, ಡೈರಿಯವರೆಗೆ ಸಾಕು.

ಹಿರಿಯರಿಗೆ ಹಾಲು ಕೊಡಬಹುದೇ?
ಕೊಡಲೇಬೇಕು. ನರಗಳಿಗೆ ಬೇಕಾದ ಬಿ12 ಮೀನು ಮಾಂಸ ತಿನ್ನದವರಿಗೆ ಸಿಗುವುದು ಮುಖ್ಯವಾಗಿ ಹಾಲು ಮೊಸರಿನಿಂದ. ಒಂದು ದೊಡ್ಡ ಲೋಟ ಹಾಲಿನಲ್ಲಿ ದಿನದ ಅಗತ್ಯದ ಅರ್ಧದಷ್ಟು ಹತ್ತಿರ ಇರುತ್ತದೆ. ಸ್ನಾಯುವಿಗೆ ಬೇಕಾದ ಸಸಾರಜನಕ, ಮೂಳೆಗೆ ಬೇಕಾದ ಸುಣ್ಣವೂ ಅದರಲ್ಲಿದೆ. ಕರೆದ ಹಾಲನ್ನೆಲ್ಲ ಕ್ಯಾನಿಗೆ ಸುರಿದು ಮನೆಯ ಹಿರಿಯರಿಗೆ ಕಣ್ಣಚಹ ಕೊಡುವುದು ಬೇಡ. ಮನೆಗೆ ಬೇಕಾದಷ್ಟು ಉಳಿಸಿಯೇ ಸಂಘಕ್ಕೆ ಹಾಕಿ.

ಈ ವಾರ ಮಾಡಬೇಕಾದದ್ದು

ಸದಸ್ಯ ಬಾಂಧವರೇ, ದೊಡ್ಡ ಖರ್ಚು ಏನೂ ಇಲ್ಲ. ಈ ವಾರ ಮೂರು ಕೆಲಸ ಮಾಡಿ. ಮನೆಯ ಹಿರಿಯರಿಗೆ ಯಾವ ಕೆಲಸ ಇಷ್ಟ ಎಂದು ಅವರನ್ನೇ ಕೇಳಿ, ಅದರಲ್ಲಿ ಒಂದನ್ನು ಅವರ ಹೆಸರಿಗೇ ಬಿಡಿ. ಅವರು ನಡೆಯುವ ದಾರಿಯಲ್ಲಿ ಜಾರುವ ಒಂದು ಜಾಗವನ್ನು ಸರಿಪಡಿಸಿ. ರಕ್ತದೊತ್ತಡ, ಸಕ್ಕರೆ ತಪಾಸಣೆ ಮಾಡಿಸಿ ಆರು ತಿಂಗಳಾಗಿದ್ದರೆ ಆಶಾ ಕಾರ್ಯಕರ್ತೆಯವರಲ್ಲಿ ವಿಚಾರಿಸಿ ಕರೆದುಕೊಂಡು ಹೋಗಿ. ಹಾಲು ಅಳೆಯುವಲ್ಲಿ ಹಿರಿಯರೊಬ್ಬರು ನಿಧಾನವಾಗಿ ಪಾಸ್‌ಬುಕ್ಕು ತೆಗೆಯುತ್ತಿದ್ದರೆ ಹಿಂದಿದ್ದವರು ಅವಸರ ಮಾಡಬೇಡಿ. ಆ ಎರಡು ನಿಮಿಷ ಅವರದು.